ಹಿಮಕ್ಕೆ ಹತ್ತಿದ ಮೆಣಸಿನಕಾಯಿ

ಎರಡನೆಯ ಮಹಾಯುದ್ಧದ ಲಡಾಯಿ ಶುರುವಾಗುವ ಮುಂಚಿನ ವರ್ಷ, ನಾನು ಶಾಲೆಯಲ್ಲಿ ಐದನೆಯ ಇಯತ್ತೆ. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಕಾಕಾ ಯಾವನೋ ನಾವಿಕನನ್ನು ಕಾಡಿ ಬೇಡಿ ಒಂದು ಅಂಚೆಚೀಟಿ ಸಂಪಾದಿಸಿ ಬ್ಯಾಡಗಿಗೆ ಕಳಿಸಿದ. ಅದರ ಮೇಲೆ ದಕ್ಷಿಣ ಧ್ರುವದ ಕಡಲನ್ನು ಶೋಧಿಸುವ ಹಡಗು, ಸುತ್ತ ಬೆಳ್ಳನೆಯ ಹಿಮ. ತಿಮಿಂಗಿಲಗಳು ಏನು ತಿನ್ನುತ್ತವೆಂದು ತಿಳಿಯಲು ಆ ಹಡಗಿನವರು ಸಮುದ್ರವನ್ನೇ ಬಲೆಯಲ್ಲಿ ಸೋಸುತ್ತಾರೆಂದು ಕಾಕಾ ಬರೆದಿದ್ದ. ಎರಡು ದಿನ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಲಕೋಟೆಯ ಚೂರಿನಿಂದ ಬಿಡಿಸಲೆಂದು ಚೀಟಿಯನ್ನು ನೀರಲ್ಲಿ ನೆನೆಸಿ, ಒಣಗಿಸಲು ಅಂಗಳಕ್ಕೆ ತಂದರೆ ಒಂದೇ ಸಮ ಗಾಳಿ. ಅಲ್ಲಿ ಅಜ್ಜಿ, ಚೀಲಕ್ಕೆ ತುಂಬುವಾಗ ಮುರಿಯಬಾರದೆಂದು ಒಣ ಮೆಣಸಿನಕಾಯಿಗೆ ನೀರು ಚಿಮುಕಿಸುತ್ತಿದ್ದಳು. ಚೀಟಿ ಹಾರದಿರಲೆಂದು ಆ ಒದ್ದೆ ಕಾಯಿಗಳನ್ನೇ ನಾಲ್ಕು ಅದರ ಮೇಲಿಟ್ಟು ಗೆಳತಿಯರನ್ನು ಕರೆಯಲು ಓಡಿದೆ. ಎಂಟು ಜನ ಒಬ್ಬರ ಮೇಲೊಬ್ಬರು ಬಿದ್ದು ಬಂದು ನೋಡಿದರೆ ಹಿಮವೆಲ್ಲ ಕೆಂಪು. ಒಬ್ಬಳು ಸೀನಿದಳು, ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಜ್ಜಿ, ಹಿಮಕ್ಕ ಖಾರ ಹತ್ತೈತಿ, ಇನ್ನ ಎಲ್ಲಾ ಕರಗತೈತಿ" ಎಂದೆ, ಅಳುವುದೋ ನಗುವುದೋ ತಿಳಿಯದೆ.

ಅಜ್ಜಿ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. "ಕರಗಂಗಿಲ್ಲ ಬಿಡವ್ವ. ನಮ್ಮೂರ ಕಾಯಿ ಬಣ್ಣ ಅಷ್ಟ ಕೊಡತೈತಿ, ಅದರಾಗ ಖಾರ ಎಲ್ಲೈತಿ?"