ಮಾತಾಡಿಸಲು ಬಂದವರು

ಗಂಡ ತೀರಿಕೊಂಡ ಮೇಲೆ ನಾನು ನೋಡಿದ ಮೊದಲ ಸಿನಿಮಾ ಅದು. ಕುಷ್ಟಗಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದು ಕತೆ ಬರೆದುಕೊಳ್ಳುತ್ತಿದ್ದ ಹುಡುಗನೇ ನಿರ್ದೇಶಕ, ಅವನಿಗೂ ಮೊದಲನೆಯದು. ಗಂಗಾವತಿಗೆ ಬಂದಿದೆ ಎಂದು ತಿಳಿದು ಒಬ್ಬಳೇ ಬಸ್ ಹತ್ತಿದೆ.

ಥಿಯೇಟರಿನಲ್ಲಿ ಬೆರಳೆಣಿಕೆಯ ಜನ. ನಗುವುದಕ್ಕೆಂದು ಬಂದವರಿಗೆ ಎಲ್ಲಿ ನಗಬೇಕೋ ತಿಳಿಯುತ್ತಿರಲಿಲ್ಲ. ಸಿನಿಮಾದಲ್ಲಿ ಯಾರೂ ಜಾರಿ ಬೀಳುವುದಿಲ್ಲ, ಕಿರುಚುವುದಿಲ್ಲ. ಮುಖ ಸಡಿಲಿಸದೆ ಮಾತಾಡುತ್ತಾರೆ, ಅಷ್ಟೇ. ನನ್ನ ಗಂಡನೂ ಹಾಗೆಯೇ ಇದ್ದರು.

ಅರ್ಧಕ್ಕೆ ನಮ್ಮ ಮನೆಯ ಪ್ರಸಂಗವೇ ಬಂತು. ಹಿಂದೊಮ್ಮೆ ತಳಕಲ್ ಊರಿನ ಹಿರಿಯರೊಬ್ಬರು ನಮ್ಮ ಮನೆಯನ್ನೇ ಹಿಂದಿನ ಓಣಿಯ ಸಾವಿನ ಮನೆಯೆಂದು ತಪ್ಪು ತಿಳಿದು ಬಂದು, ನನ್ನ ಗಂಡನ ಕೈ ಹಿಡಿದು ಅತ್ತಿದ್ದರು.

"ಧೈರ್ಯ ತಗೋರಿ. ನಿಮ್ಮಪ್ಪಾರು ಭಾಳ ಛಲೋ ಮನಶ್ಯಾರು."

ತಪ್ಪೆಂದರೆ ಅವರಿಗೆ ನಾಚಿಕೆಯಾದೀತೆಂದು ನನ್ನ ಗಂಡ "ಹೌದ್ರಿ" ಎಂದು ಕೂತರು. ಅಷ್ಟರಲ್ಲಿ ಮಾವನವರೇ ಚಹಾ ಹಿಡಿದು ಹೊರಗೆ ಬಂದರು.

"ಇವರ್ಯಾರ್ರಿ?" ಎಂದರು ಬಂದವರು.

"ನಮ್ಮ ಕಾಕಾ ರೀ."

ಪರದೆಯ ಮೇಲೆ ಆ ಮಾತು ಬರುವ ಮೊದಲೇ ನಾನು ಗಟ್ಟಿಯಾಗಿ ಅಂದುಬಿಟ್ಟೆ. ಪಕ್ಕದ ಹೆಂಗಸು ತಿರುಗಿ, "ಮೊದ್ಲ ನೋಡೀರೇನ್ರಿ?" ಎಂದಳು.

"ಇಲ್ರಿ. ಇದು ನಮ್ಮ ಮನ್ಯಾಗ ಆಗಿದ್ದು."

ಆಕೆ ನನ್ನನ್ನೊಮ್ಮೆ ನೋಡಿ, ಎದ್ದು ಒಂದು ಸೀಟು ಬಿಟ್ಟು ಕೂತಳು.

ಮುಂದಿನದು ನನಗೆ ಗೊತ್ತಿರಲಿಲ್ಲ. ಸಿನಿಮಾದ ಮನೆಯಾತ ಬಂದವರನ್ನು ಬಸ್ಸಿಗೆ ಹತ್ತಿಸಿ, ನೇರ ಸಾವಿನ ಮನೆಗೆ ಹೋಗುತ್ತಾನೆ. "ನಿಮ್ಮನ್ನ ಮಾತಾಡಸಾಕ ತಳಕಲ್ಲಿಂದ ಒಬ್ರು ಬಂದಿದ್ರು. ಧೈರ್ಯ ತಗೋರಿ ಅಂದಾರ."

"ಯಾರ್ರಿ ಅವರು?"

"ಹೆಸರು ಕೇಳಲಿಲ್ರಿ. ಭಾಳ ಅತ್ತರು."

ಥಿಯೇಟರಿನಲ್ಲಿ ಆಗ ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಬಸ್ ನಿಲ್ದಾಣದಿಂದಲೇ ಹುಡುಗನಿಗೆ ಫೋನ್ ಮಾಡಿದೆ. "ಆ ಸಾವಿನ ಮನಿಗೆ ಹೋಗೂದು ನೀ ಹುಟ್ಟಿಸಿದ್ದೇನಪಾ?"

"ಇಲ್ರಿ ಅಕ್ಕಾರ, ಸರ್ ಹೇಳಿದ್ದು. ನಿಮಗ ಗೊತ್ತಿಲ್ಲೇನ್ರಿ?"

ಇಷ್ಟು ವರ್ಷ ಜೊತೆಗಿದ್ದ ನನಗೆ ಹೇಳದ್ದನ್ನು ಬಾಡಿಗೆಯ ಹುಡುಗನಿಗೆ ಹೇಳಿದ್ದರು. ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ?

"ಮತ್ತೇನೇನು ಹೇಳ್ಯಾರಪಾ?"

"ಭಾಳ ಅದಾವ್ರಿ. ಬಂದು ಹೇಳ್ತೀನಿ."

ಬರಲು ಅವನಿಗೆ ಪುರುಸೊತ್ತಾಗಿಲ್ಲ. ಸಂಜೆ ಒಲೆ ಹೊತ್ತಿಸುವ ಮುಂಚೆ ನಾನೇ ಫೋನ್ ಮಾಡಿ ಒಂದೊಂದೇ ಕೇಳಿಸಿಕೊಳ್ಳುತ್ತೇನೆ. ಕೆಲವು ದಿನ ಎತ್ತುತ್ತಾನೆ.