ಸಂಡಿಗೆಯ ಪಕ್ಕ ಇಳಿದ ಟೆಂಟು

ಕಳೆದ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಟೆಂಟು ಹಾರಿಹೋಯಿತು.

ಹೌದು, ಟೆಂಟೇ. ಆರ್‌ಪಿಸಿ ಲೇಔಟಿನ ತಾರಸಿಗಳಿಂದ ಟವೆಲ್ ಹಾರುತ್ತದೆ, ನೈಟಿ ಹಾರುತ್ತದೆ, ಪಕ್ಕದ ಮನೆಯವರ ಬನಿಯನ್ ಬಂದು ನಮ್ಮ ನಲ್ಲಿಗೆ ಸುತ್ತಿಕೊಳ್ಳುತ್ತದೆ. ಅದೆಲ್ಲ ನಿಮಗೂ ಗೊತ್ತಿರುವುದೇ. ಆದರೆ ಇಬ್ಬರು ಕಾಲು ಚಾಚಿ ಮಲಗಬಹುದಾದ ಗುಡಾರವೊಂದು ಗಾಳಿಪಟದ ಹಾಗೆ ಎದ್ದು ಹಿಂದಿನ ಬೀದಿಯ ಕಡೆ ಹೊರಟುಬಿಟ್ಟರೆ?

ನಾವೇನೂ ಸರ್ಕಸ್ ಕಂಪನಿಯವರಲ್ಲ. ನನ್ನ ಮಗಳು ಸಿಂಚನಾ ಟೆಂಟ್ ಡಿಸೈನ್ ಮಾಡುತ್ತಾಳೆ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ನಾಲ್ಕಾರು ಹೊಲಿಗೆ ಮೆಷಿನ್ ಇಟ್ಟುಕೊಂಡಿರುವ ಪುಟ್ಟ ಕಂಪನಿ. ಮೊದಲು ಸ್ಕೂಲ್ ಬ್ಯಾಗ್ ಹೊಲಿಯುತ್ತಿದ್ದರು. ಈಗ ಟ್ರೆಕ್ಕಿಂಗ್ ಹೋಗುವವರು ಬೆನ್ನ ಮೇಲೆ ಹೊತ್ತೊಯ್ಯುವ ಹಗುರ ಟೆಂಟು ಮಾಡಲು ಹೊರಟಿದ್ದಾರೆ. "ಎಂಜಿನಿಯರಿಂಗ್ ಓದಿ ಶಾಮಿಯಾನ ಹೊಲೀತಾಳಾ?" ಎಂದು ನೆಂಟರು ಕೇಳುವುದುಂಟು. (ಕೇಳಲಿ ಬಿಡಿ. ತಮ್ಮ ಮಕ್ಕಳು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ "ಏನೋ ಲ್ಯಾಪ್‌ಟಾಪಲ್ಲಿ" ಎನ್ನುವವರು ಇವರೇ.)

ಹಗುರ ಅನ್ನುವುದು ಈಗ ನಮ್ಮ ಮನೆಯ ವ್ರತ. ಡಯಟ್ ಮಾಡುತ್ತೇನೆಂದು ನಾನು ಕೊಂಡಿದ್ದ ಅಡುಗೆಮನೆಯ ಪುಟ್ಟ ತೂಕದ ಯಂತ್ರ ಅವಳ ಟೇಬಲ್ ಸೇರಿದೆ. ಜಿಪ್ಪು, ಕೊಕ್ಕೆ, ದಾರದ ತುಂಡು, ಗೂಟ, ಎಲ್ಲವನ್ನೂ ಅದರ ಮೇಲಿಟ್ಟು ತೂಗುತ್ತಾಳೆ. ಬಟ್ಟೆಯೋ ಈರುಳ್ಳಿ ಸಿಪ್ಪೆಯಷ್ಟು ತೆಳು. ಕಂಬಗಳು ತೆಳ್ಳನೆಯ ಅಲ್ಯೂಮಿನಿಯಂ ಕೊಳವೆ. ಮಡಚಿದರೆ ಕೊಡೆಯಷ್ಟೇ ಉದ್ದ. ಹೋದ ತಿಂಗಳು ಒಂದು ಸಂಜೆ ಕುಣಿದುಕೊಂಡು ಮನೆಗೆ ಬಂದಳು.

"ಅಮ್ಮಾ, ಮೇಲಿದ್ದ ಗಾಳಿಕಿಂಡಿ ತೆಗೆದುಬಿಟ್ಟೆ. ಜಾಲರಿ, ಮುಚ್ಚಳ, ಕಡ್ಡಿ ಎಲ್ಲಾ ಹೋಯ್ತು. ಎಷ್ಟು ತೂಕ ಉಳೀತು ಗೊತ್ತಾ? ಒಂದು ನಿಂಬೆಹಣ್ಣಿನಷ್ಟು!"

"ಒಂದು ನಿಂಬೆಹಣ್ಣಿಗೆ ಇಷ್ಟು ಕುಣೀತೀಯಲ್ಲೇ?"

"ಬೆಟ್ಟ ಹತ್ತೋವಾಗ ನಿಂಬೆಹಣ್ಣೂ ಕುಂಬಳಕಾಯಿ ಆಗುತ್ತಮ್ಮಾ."

"ಈ ಮಾತನ್ನ ನಿಮ್ಮಮ್ಮನ ಸೂಟ್‌ಕೇಸಿಗೂ ಸ್ವಲ್ಪ ಹೇಳು," ಎಂದರು ನಮ್ಮನೆಯವರು ಪೇಪರಿನ ಹಿಂದಿನಿಂದ.

ತಮಾಷೆ ಹಾಗಿರಲಿ, ಶನಿವಾರ ಸಿಂಚನಾಳ ಮುಖದಲ್ಲಿ ನಗು ಇರಲಿಲ್ಲ. ಭಾನುವಾರ ಬೆಳಿಗ್ಗೆ ಟ್ರೆಕ್ಕಿಂಗ್ ಕರೆದುಕೊಂಡು ಹೋಗುವ ಸಂಸ್ಥೆಯೊಂದರ ರೋಹಿತ್ ಎನ್ನುವವರು ಸ್ಯಾಂಪಲ್ ನೋಡಲು ಶೆಡ್ಡಿಗೆ ಬರುವವರಿದ್ದರು. ಅವರಿಗೆ ಇಷ್ಟವಾದರೆ ಮಳೆಗಾಲದ ಆರ್ಡರ್. ಆಗದಿದ್ದರೆ? "ಮತ್ತೆ ಸ್ಕೂಲ್ ಬ್ಯಾಗ್ ಕಣಮ್ಮ, ಬೇಜಾರ್ ಮಾಡ್ಕೋಬೇಡ" ಎಂದು ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು. ಇರುವುದು ಒಂದೇ ಸ್ಯಾಂಪಲ್. ಕೊನೆಯದಾಗಿ ಒಮ್ಮೆ ಗಾಳಿಯಲ್ಲಿ ನಿಲ್ಲಿಸಿ ನೋಡಬೇಕು ಎಂದು ಅದನ್ನು ಮನೆಗೆ ತಂದಿದ್ದಳು.

ಮೇ ತಿಂಗಳ ಮಧ್ಯಾಹ್ನ. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಗಾಳಿಗೇನೂ ಬರವಿರಲಿಲ್ಲ. ಆದರೆ ತಾರಸಿಯ ಕಾಂಕ್ರೀಟಿಗೆ ಗೂಟ ಹೊಡೆಯುವುದು ಹೇಗೆ? ಟೆಂಟಿನ ಮೂಲೆಗಳ ದಾರವನ್ನು ಹೂಕುಂಡಗಳಿಗೆ ಕಟ್ಟುವುದೆಂದು ತೀರ್ಮಾನವಾಯಿತು. ಕುಂಡ ತಂದಿಡುವ ಕೆಲಸ ನಮ್ಮನೆಯವರದು. ಎರಡು ಮೂಲೆ ಕಟ್ಟಿಯಾಗಿತ್ತು. ಮೂರನೆಯದಕ್ಕೆ ಕರಿಬೇವಿನ ಕುಂಡ ಎತ್ತಿಕೊಂಡು ಬರುತ್ತಿದ್ದರು. ಆಗ ಬಂತು ನೋಡಿ ಗಾಳಿ. ಕಟ್ಟಿದ್ದ ಕುಂಡಗಳೆರಡೂ ಉರುಳಿ, ದಾರ ಬಿಚ್ಚಿಕೊಂಡು, ಟೆಂಟು ನಿಂತಲ್ಲೇ ಒಮ್ಮೆ ಉಸಿರೆಳೆದುಕೊಂಡಂತೆ ಉಬ್ಬಿತು.

"ಅಪ್ಪಾ, ಹಿಡ್ಕೋ! ಹಿಡ್ಕೋ!"

ಅವರು ಹಿಡಿದರು. ಕರಿಬೇವಿನ ಕುಂಡವನ್ನು. ಎದೆಗೆ ಅವಚಿಕೊಂಡು.

("ಅದು ಬೀಳ್ತಿತ್ತಲ್ಲೇ," ಎಂದು ಇವತ್ತಿಗೂ ವಾದಿಸುತ್ತಾರೆ.)

ಟೆಂಟು ಸಿಂಟೆಕ್ಸ್ ಟ್ಯಾಂಕಿನ ಮೇಲಿಂದ, ಕೇಬಲ್ ವೈರುಗಳ ಮೇಲಿಂದ ರಾಜಗಾಂಭೀರ್ಯದಲ್ಲಿ ಸಾಗಿ, ಹಿಂದಿನ ಬೀದಿಯ ತಾರಸಿಯೊಂದರಲ್ಲಿ ಕಾಲೂರಿ ನಿಂತಿತು. "ಕಂಬ ಮುರೀಲಿಲ್ಲ ನೋಡಮ್ಮಾ!" ಎಂದಳು ಮಗಳು. ಅಳು, ಹೆಮ್ಮೆ ಎರಡೂ ಒಟ್ಟಿಗೇ ಬಂದಿದ್ದವು. ಆಮೇಲೆ ಅದು ಯಾರ ತಾರಸಿ ಎಂದು ನೋಡಿದೆವು.

ಅದು ಶಿವಲೀಲಮ್ಮನವರ ಮನೆ.

ಶಿವಲೀಲಮ್ಮ ದಾವಣಗೆರೆ ಕಡೆಯವರು. ಗಂಡ ಚನ್ನಬಸಪ್ಪನವರು ನಿವೃತ್ತ ಅಧಿಕಾರಿ. ಒಂದು ಕಾಲದಲ್ಲಿ ನಮಗೂ ಅವರಿಗೂ ಬೋಗುಣಿ ಬಟ್ಟಲು ಬದಲಾಗುವಷ್ಟು ಸ್ನೇಹ. ಮಗನ ಮದುವೆಗೆ ಅವರು ಬೀದಿಗೆ ಶಾಮಿಯಾನ ಹಾಕಿಸಿದರು. ನಮ್ಮದು ಮೂಲೆ ಮನೆ, ಕಾರಿನ ಗೇಟು ಅವರ ಬೀದಿಗೆ. ಶಾಮಿಯಾನದ ಕಬ್ಬಿಣದ ಕಂಬ ಸರಿಯಾಗಿ ನಮ್ಮ ಗೇಟಿನ ಎದುರಿಗೆ ಬಂತು. ಕಾರು ಒಳಗೇ ಉಳಿಯಿತು, ಮಾತು ಹೊರಗೆ ಬಂತು. ನಿಮ್ಮ ಮನೆ ಹೋಳಿಗೆ ತಿಂದು ನಮ್ಮನೆಯವರ ಹಲ್ಲು ಅಲ್ಲಾಡಿತ್ತು ಎಂದು ನಾನಂದೆ. ಅವರು ಸುಮ್ಮನಿರುವರೇ?

"ನಿಮ್ಮ ಅಂಕಣ ಬರೋ ಪೇಪರಿನ ಮ್ಯಾಲೆ ನಾನು ಕರಿದ ಬಜ್ಜಿ ಹಾಕ್ತೀನ್ರಿ. ಎಣ್ಣಿ ಚೆನ್ನಾಗಿ ಹೀರ್ತೈತಿ."

ಓದುಗರೇ, ಬರೆಯುವವಳಿಗೆ ಇದಕ್ಕಿಂತ ದೊಡ್ಡ ಏಟು ಇದೆಯೇ? ಅಂದಿನಿಂದ ಮಾತಿಲ್ಲ. ತರಕಾರಿ ಗಾಡಿ ಹತ್ತಿರ ಎದುರಾದರೆ ಇಬ್ಬರೂ ಬೆಂಡೆಕಾಯಿಯ ತುದಿ ಮುರಿಯುವುದರಲ್ಲಿ ಮುಳುಗಿಬಿಡುತ್ತಿದ್ದೆವು.

ಈಗ ಮಗಳ ನೌಕರಿ ಅವರ ತಾರಸಿಯಲ್ಲಿ ಕೂತಿತ್ತು. ಪಕ್ಕದಲ್ಲೇ ಹಳೇ ಪಂಚೆಯ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ. ದಪ್ಪ ಹನಿ ಶುರುವಾಯಿತು. ಶಿವಲೀಲಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. ಸಂಡಿಗೆ ನೋಡಿದರು. ಟೆಂಟು ನೋಡಿದರು. ಪ್ಯಾರಾಪೆಟ್ಟಿನ ಮೇಲೆ ಕತ್ತು ಚಾಚಿದ್ದ ನಮ್ಮನ್ನು ನೋಡಿದರು. ಬಿಸಾಕುತ್ತಾರೆ, ಇನ್ನೇನು ಬೀದಿಗೆ ಬಿಸಾಕುತ್ತಾರೆ ಎಂದುಕೊಂಡೆ.

ಇಲ್ಲ. ಜಿಪ್ ಎಳೆದು, ಪಂಚೆಯ ನಾಲ್ಕು ಮೂಲೆ ಹಿಡಿದು, ಸಂಡಿಗೆಯನ್ನು ಟೆಂಟಿನೊಳಗೆ ಎಳೆದುಕೊಂಡರು. ಗಾಳಿಗೆ ಟೆಂಟು ಮತ್ತೆ ಅಲ್ಲಾಡಿತು. ತಾವೂ ಒಳಗೆ ಹೋಗಿ ಕೂತರು. ಅಲ್ಲಾಟ ನಿಂತಿತು. ಒಳಗಿನಿಂದ ಜಿಪ್ ಮುಚ್ಚಿಕೊಂಡಿತು.

"ಅಮ್ಮಾ, ಈಗ?"

ಅವರ ಗೇಟಿನ ಮುಂದೆ ಒಂದೇ ಕೊಡೆಯಡಿ ಮೂವರೂ ನಿಂತೆವು. ಬೆಲ್ ಯಾರು ಒತ್ತಬೇಕು? "ಹೆಂಗಸರ ವಿಷಯ, ನೀನೇ ಒತ್ತು," ಎಂದರು ನಮ್ಮನೆಯವರು. "ಕುಂಡ ಹಿಡಿದೋರು ಒತ್ತಲಿ," ಎಂದೆ ನಾನು. ಸಿಂಚನಾ ಇಬ್ಬರನ್ನೂ ಸರಿಸಿ ಒತ್ತಿಬಿಟ್ಟಳು. ಬಾಗಿಲು ತೆಗೆದ ಚನ್ನಬಸಪ್ಪನವರ ಮುಖ ಅರಳಿತು. ಜಗಳವಾಡಿದವರು ಹೆಂಗಸರಿಬ್ಬರು, ಪಾಪ, ನಮ್ಮನೆಯವರ ಜೊತೆಗಿನ ಇವರ ಇಸ್ಪೀಟೂ ಅದರಲ್ಲಿ ಮುಳುಗಿಹೋಗಿತ್ತು.

"ಬರ್ರಿ ಬರ್ರಿ! ಎಷ್ಟು ದಿನ ಆಯ್ತ್ರಿ! ಅಕಿ ಮ್ಯಾಲದಾಳ. ಏನೋ ಗುಡಾರ ಹಾಕ್ಕೊಂಡು ಕುಂತಾಳ, ಕರೆದ್ರೆ ಬರವಲ್ಲಳು."

ನಮ್ಮನೆಯವರು ಅವರ ಜೊತೆ ಕೆಳಗೇ ಕೂತುಬಿಟ್ಟರು. ನಾವಿಬ್ಬರೂ ಮೇಲೆ ಹೋದೆವು. ಮಳೆ ಜೋರಾಗಿತ್ತು. ಹಸಿರು ಟೆಂಟಿನ ಮೇಲೆ ನೀರು ಜಾರಿ ಜಾರಿ ಇಳಿಯುತ್ತಿತ್ತು. ಒಳಗಿನಿಂದ ಹಸಿಮೆಣಸಿನಕಾಯಿ, ಜೀರಿಗೆ, ಇಂಗಿನ ವಾಸನೆ.

"ಆಂಟಿ, ನಾನು ಸಿಂಚನಾ. ಒಳಗೆ ನೀರು ಬರ್ತಿದ್ಯಾ?"

"ಯಾಕ ಬರ್ತೈತಿ? ಒಂದು ಹನಿ ಇಲ್ಲ."

"ಹೊಲಿಗೆ ಹತ್ರ ಕೈ ಇಟ್ಟು ನೋಡಿ ಆಂಟಿ, ಪ್ಲೀಸ್."

"ಇಟ್ಟೀನಿ. ಒಣಾ ಐತಿ. ಇದನ್ನ ನೀನೇ ಮಾಡೀಯೇನವ್ವಾ?"

"ಹೂಂ ಆಂಟಿ."

"ಚಲೋ ಐತಿ. ನಿಮ್ಮವ್ವ ಬಂದಾಳೇನು?"

ನಾನು ಟೆಂಟಿನ ಹತ್ತಿರ ಬಗ್ಗಿದೆ. "ಬಂದಿದೀನಿ ಕಣ್ರೀ."

ಜಿಪ್ ಒಂದು ಗೇಣು ಕೆಳಗಿಳಿಯಿತು. ಕುಂಕುಮ, ವಿಭೂತಿ, ಮೂಗುಬೊಟ್ಟು ಕಾಣಿಸಿದವು. ನಾನು ಏನೆನ್ನಬೇಕು? ವರ್ಷಗಳ ಮೇಲೆ ಮೊದಲ ಮಾತು ಏನಿರಬೇಕು?

"ಸಂಡಿಗೆ ನೆನೀಲಿಲ್ಲ ತಾನೆ?" ಎಂದೆ.

"ಇಲ್ರಿ. ನೀವು ನೆನೀಲಿಕ್ಹತ್ತೀರಿ. ಒಳಗ ಬರ್ರಿ, ಸಂಡಿಗಿ ತುಳೀಬ್ಯಾಡ್ರಿ."

ಹಾಗೆ ನಾವು ಮೂವರು ಹೆಂಗಸರು, ಒಂದು ಪಂಚೆ ತುಂಬ ಹಸಿ ಸಂಡಿಗೆ, ಇಬ್ಬರಿಗೆಂದು ಮಾಡಿದ ಟೆಂಟಿನಲ್ಲಿ ಮಂಡಿ ಮಡಚಿಕೊಂಡು ಕೂತೆವು. ಶಾಮಿಯಾನದ ವಿಷಯ ಬಂತು. ಕಂಬ ಅಲ್ಲಿ ಹಾಕಿದ್ದು ಶಾಮಿಯಾನದವನ ತಪ್ಪು ಎಂದು ಅವರೆಂದರು. ಹೌದು, ಅವನದೇ ತಪ್ಪು ಎಂದು ನಾನೂ ಒಪ್ಪಿದೆ. (ಅವನು ಎಲ್ಲಿದ್ದಾನೋ, ಅವನಿಗೆ ಒಳ್ಳೆಯದಾಗಲಿ.) ಎಲ್ಲ ಸರಿಹೋಯಿತು ಅನ್ನುವಾಗ ಸಿಂಚನಾ ನಾಳೆಯ ವಿಷಯ ಎತ್ತಿ, ಮಳೆ ನಿಂತ ಮೇಲೆ ಟೆಂಟ್ ಒಯ್ಯುವುದಾಗಿ ಹೇಳಿದಳು.

"ಅದಾಗೂದಿಲ್ಲವ್ವಾ. ಅರೆಹಸಿ ಸಂಡಿಗಿ ಮೆಟ್ಟಿಲು ಇಳಿಸಿದ್ರೆ ಎಲ್ಲಾ ಅಂಟಿ ಮುದ್ದಿ ಆಗ್ತಾವು. ನಾಳೆ ಬಿಸಿಲು ಬರ್ಲಿ."

"ಆಂಟಿ, ನನ್ನ ಕೆಲಸದ ಪ್ರಶ್ನೆ!"

"ನನ್ನವು ವರ್ಷದ ಸಂಡಿಗಿ! ನೋಡಾವ್ರನ್ನ ಇಲ್ಲಿಗೇ ಕರಕೊಂಡು ಬಾ. ನಾ ಬ್ಯಾಡ ಅಂದೆನೇ?"

ಭಾನುವಾರ ಬೆಳಿಗ್ಗೆ ರೋಹಿತ್ ಶೆಡ್ಡಿನ ಬದಲು ಶಿವಲೀಲಮ್ಮನವರ ತಾರಸಿಗೆ ಬಂದರು. ಉದ್ದ ಗಡ್ಡ, ಚಡ್ಡಿ, ದಪ್ಪ ಬೂಟು. ಚನ್ನಬಸಪ್ಪನವರು ಅವರಿಗೂ ಉಪ್ಪಿಟ್ಟು ಕೊಡಿಸಿದರು. ರಾತ್ರಿಯಿಡೀ ಮಳೆ ಹೊಡೆದಿತ್ತು, ನೀರಿನ ಪೈಪಿಗೆ ಬಿಗಿದು ಕಟ್ಟಿದ್ದ ಟೆಂಟು ನಿಂತೇ ಇತ್ತು. ಸಿಂಚನಾ ಜಿಪ್ ತೆಗೆದಳು.

ಒಳಗಿನ ಗೋಡೆಯ ತುಂಬ ಹನಿ. ಸಾಲುಸಾಲು ಹನಿ. ಟಪ್ ಎಂದು ಒಂದು ಸಂಡಿಗೆಯ ಮೇಲೆ ಬಿತ್ತು.

ಶಿವಲೀಲಮ್ಮ ಒಂದು ಸಂಡಿಗೆ ಎತ್ತಿ ಒತ್ತಿದರು. ಬೆರಳು ಒಳಗೆ ಹೋಯಿತು. "ಅಯ್ಯ ಶಿವನೇ! ಹೊರಗಿನ ನೀರು ಬಿಡಲಿಲ್ಲ ಖರೇ, ಇದು ತಾನೇ ಬೆವತೈತಲ್ಲೇ!"

ಮುಗಿಯಿತು ಎಂದುಕೊಂಡೆ. ಈ ಹೆಂಗಸು ಮತ್ತೆ ಮಾತು ಬಿಡುತ್ತಾರೆ, ಅದಕ್ಕಿಂತ ಮೊದಲು ಮಗಳ ಟೆಂಟು ಸ್ಕೂಲ್ ಬ್ಯಾಗ್ ಆಗುತ್ತದೆ. ಸಿಂಚನಾ ಬಿಳಿಚಿಕೊಂಡಿದ್ದಳು. ಆದರೂ ಹುಡುಗಿ ಸಬೂಬು ಹೇಳಲಿಲ್ಲ. "ಸಾರ್, ತೂಕ ಕಡಿಮೆ ಮಾಡೋಕೆ ಮೇಲಿನ ಗಾಳಿಕಿಂಡಿ ತೆಗೆದುಬಿಟ್ಟೆ. ಒಳಗಿನ ತೇವ ಹೋಗೋಕೆ ದಾರಿಯೇ ಇಲ್ಲ. ತಪ್ಪು ನಂದೇ," ಎಂದಳು.

ರೋಹಿತ್ ಬೂಟು ಕಳಚಿ ಒಳಗೆ ತಲೆ ಹಾಕಿದರು. ಹೊಲಿಗೆ ಮುಟ್ಟಿ ನೋಡಿದರು, ಕಂಬ ಬಗ್ಗಿಸಿದರು. ಹೊರಗೆ ಬರುವಾಗ ನಗುತ್ತಿದ್ದರು.

"ಇದನ್ನ ನೀವಾಗೇ ಹೇಳಿದ್ದು ಒಳ್ಳೇದಾಯ್ತು ಮೇಡಂ. ಬೆಟ್ಟದ ಮೇಲೆ ನಮ್ಮ ಗೆಸ್ಟ್‌ಗಳು ಬೆಳಿಗ್ಗೆ ಎದ್ದು ಮಾಡೋ ಗಲಾಟೆನೂ ಇದೇ. ಹಾರಿ ಬಂದು ಬಿದ್ದಿದೆ, ರಾತ್ರಿಯೆಲ್ಲಾ ನೆನೆದಿದೆ, ಎಲ್ಲೂ ಹರಿದಿಲ್ಲ. ಕಿಂಡಿ ವಾಪಸ್ ಹಾಕಿ ತನ್ನಿ, ತಗೋತೀನಿ."

"ನಿಂಬೆಹಣ್ಣಿನಷ್ಟು ತೂಕ ಜಾಸ್ತಿ ಆಗುತ್ತೆ ಸಾರ್."

"ಹೊರೋಣ ಬಿಡಿ."

ಸಿಂಚನಾ ನನ್ನ ಕಡೆ ತಿರುಗಿ ಅಪ್ಪಿಕೊಂಡಳು. ಆಮೇಲೆ ಶಿವಲೀಲಮ್ಮನವರನ್ನೂ. ಅವರು ಅಪ್ಪಿಸಿಕೊಂಡೇ, "ಅದಿರ್ಲಿ, ನನ್ನ ಸಂಡಿಗಿಗೇನು ಮಾಡ್ತಿ?" ಎಂದರು. ಅಷ್ಟರಲ್ಲಿ ಬಿಸಿಲು ಬಂತು. ರೋಹಿತ್ ಸೇರಿ ಎಲ್ಲರೂ ಕುಕ್ಕರಗಾಲಲ್ಲಿ ಕೂತು ಸಂಡಿಗೆಗಳನ್ನು ಒಂದೊಂದಾಗಿ ಬಿಡಿಸಿ ಹೊಸ ಪಂಚೆಯ ಮೇಲೆ ಹರವಿದೆವು. ಎಲ್ಲರಿಗಿಂತ ಜಾಸ್ತಿ ಬೈಗುಳ ತಿಂದದ್ದು ನಾನೇ. ನನ್ನ ಕೈಯಲ್ಲಿ ಸಂಡಿಗೆ ಹೆಚ್ಚು ಹರಿಯುತ್ತಿದ್ದವಂತೆ.

ನಾನು ಈಗ ಯೋಚಿಸುತ್ತಿರುವುದು ಬೇರೆ. ಇಷ್ಟು ಮುಚ್ಚಿಕೊಂಡರೆ ಟೆಂಟೇ ಬೆವರುತ್ತದೆ ಅಂದಮೇಲೆ, ಎಸಿ, ಕರ್ಟನ್, ಸೊಳ್ಳೆ ಜಾಲರಿ, ಅದರ ಹಿಂದೆ ಮೊಬೈಲ್ ಎಂದು ನಾವು ಮನೆಗಳನ್ನು ಮುಚ್ಚಿಕೊಂಡು ಕೂತಿದ್ದೇವಲ್ಲ, ನಮ್ಮ ಗತಿ? ಹಿಂದಿನ ಬೀದಿಯ ತಾರಸಿ ನನಗೆ ಕಾಣಿಸಲು ಬಿರುಗಾಳಿಯೇ ಬರಬೇಕಾಯಿತು. (ಗಂಭೀರವಾಗಿ ಹೇಳುತ್ತಿದ್ದೇನೆ. ಪೇಪರನ್ನು ಬಜ್ಜಿಗೆ ಒಯ್ಯುವ ಮೊದಲು ಇಷ್ಟನ್ನು ಓದಿಬಿಡಿ.)

ಮೊನ್ನೆ ಶಿವಲೀಲಮ್ಮ ಫೋನ್ ಮಾಡಿದ್ದರು. ಸಿಂಚನಾಳನ್ನೇ ಕೇಳಿದರು. ದನಿ ತಗ್ಗಿಸಿ, "ನಮ್ಮನ್ಯಾಗ ಇವರ ಗೊರಕಿ, ಟಿವಿ, ಮೊಮ್ಮಕ್ಕಳು. ಅವತ್ತು ಮಳ್ಯಾಗ ಒಬ್ಬಾಕಿನೇ ಕುಂತಿದ್ನಲ್ಲ, ಎಷ್ಟು ಹಾಯ್ ಅನಿಸಿತ್ತು ಗೊತ್ತೇನ? ನನಗೊಂದು ಹೊಲಿಸಿಕೊಡವ್ವಾ," ಎಂದರು.

"ಇಬ್ಬರಿಗೆ ಆಗೋದಾ ಆಂಟಿ?"

"ಒಬ್ಬರಿಗೇ ಸಾಕು. ಜಿಪ್ಪು ಮಾತ್ರ ಒಳಗಿಂದ ಗಟ್ಟಿ ಇರ್ಲಿ."

ಫೋನಿಟ್ಟ ಮಗಳಿಗೆ ನಾನೂ ಮೆಲ್ಲಗೆ ನನ್ನದೊಂದು ಹೇಳಿಟ್ಟೆ. ಯಾವ ಬೆಟ್ಟಕ್ಕೆ ಎಂದು ನಮ್ಮನೆಯವರು ಇನ್ನೂ ಕೇಳುತ್ತಲೇ ಇದ್ದಾರೆ.