ಒಂಟೆಗಳು ನಂಬದ ದನಿ

ಈಸಾ ಬರೆದು ಕಳಿಸಿದ ಅರ್ಜಿಗಳಲ್ಲಿ ದೋಹಾದ ಮುಖ್ಯ ಕಚೇರಿಯವರು ಕೊನೆಯವರೆಗೂ ಓದಿದ್ದು ಒಂದನ್ನು ಮಾತ್ರ. ಓದಿದವರು ಪೊಲೀಸರಿಗೆ ಫೋನ್ ಮಾಡುವುದರಲ್ಲಿದ್ದರು.

ಗಡಿ ಮುಚ್ಚಿ ಮೂರನೆಯ ವಾರ. ರಂಜಾನ್ ಮುಗಿಯಲು ಬಂದಿತ್ತು. ಅಕ್ಕಪಕ್ಕದ ದೇಶಗಳು ಖತಾರ್‌ಗೆ ಬರುವ ರಸ್ತೆಯನ್ನೂ ಸಮುದ್ರವನ್ನೂ ಆಕಾಶವನ್ನೂ ಒಂದೇ ಬೆಳಿಗ್ಗೆ ಬಂದ್ ಮಾಡಿದ್ದವು. ಗಂಡ ಈಚೆ ಹೆಂಡತಿ ಆಚೆ, ತಾಯಿ ಆಚೆ ಮಗಳು ಈಚೆ ಎಂದು ಹಂಚಿಹೋದವರ ಹೆಸರು ಬರೆದುಕೊಳ್ಳಲು ಅಬೂ ಸಮ್ರಾ ಗಡಿಯಲ್ಲಿ ಒಂದು ಡೇರೆ ಹಾಕಿ, ಅದರೊಳಗೆ ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ಈಸಾನನ್ನು ತಂದು ಇಟ್ಟಿದ್ದರು. ಮೂರರಲ್ಲಿ ಬಿಸಿಲಿಗೆ ಮೊದಲು ಕೈಕೊಟ್ಟವನು ಈಸಾ. ಹುಟ್ಟಿದ್ದು ದೋಹಾದಲ್ಲಿ, ಬೆಳೆದದ್ದು ತಣ್ಣನೆಯ ಕೋಣೆಗಳಲ್ಲಿ. ಮರುಭೂಮಿಯನ್ನು ಅವನು ಕಂಡಿದ್ದೇನಿದ್ದರೂ ಕಾರಿನ ಕಿಟಕಿಯಿಂದ. ಇಪ್ಪತ್ತಾರರ ಪ್ರಾಯ, ಉಪವಾಸ, ಮಧ್ಯಾಹ್ನ ಮೂರು ಗಂಟೆ. ಅಂಥ ಹೊತ್ತಿನಲ್ಲಿ ಆ ಮುದುಕ ಬಂದು ಎದುರು ಕುಳಿತ.

"ಆಚೆ ಉಳಿದಿರೋದು ಯಾರು?"

"ವದ್ಹಾ."

ಈಸಾನ ಸೋದರತ್ತೆಯ ಹೆಸರೂ ವದ್ಹಾ. ಅನುಮಾನಪಡಲು ಏನೂ ಇರಲಿಲ್ಲ.

"ನಿಮಗೇನಾಗಬೇಕು?"

"ಎಲ್ಲಾ ಅವಳೇ. ನನ್ನ ಮನೆ ನಡೆಯೋದೇ ಅವಳಿಂದ."

ಈಸಾ 'ಪತ್ನಿ' ಎಂದು ಒತ್ತಿದ. "ಮಕ್ಕಳೆಷ್ಟು?"

"ಆರು ಹೆತ್ತಿದ್ದಾಳೆ. ನಾಲ್ಕು ಜನ ನನ್ನ ಜೊತೆಗೇ ಇದ್ದಾರೆ. ಹೊರಗೆ ನಿಂತಿದ್ದಾರೆ."

"ಈ ಬಿಸಿಲಲ್ಲಾ? ಒಳಗೆ ಕರೀರಿ."

"ಬೇಡ ಮಗಾ, ಡೇರೆ ಕಿತ್ತುಹೋಗುತ್ತೆ."

ತುಂಟ ಮಕ್ಕಳಿರಬೇಕು ಎಂದುಕೊಂಡ ಈಸಾ ಮುಂದಿನ ಖಾನೆಗೆ ಹೋದ. "ಮೈಮೇಲೆ ಗುರುತೇನಾದ್ರೂ?"

"ಎಡ ತೊಡೆ ಮೇಲೆ ಬರೆ. ಸೌಟಿನ ಥರ."

"ಬರೆನಾ? ಯಾರು ಹಾಕಿದ್ದು?"

"ನಾನೇ. ಕಳೆದುಹೋಗಬಾರದಲ್ಲ."

"ಅವರು ಸುಮ್ನಿದ್ರಾ?"

"ಎಲ್ಲಿ ಸುಮ್ನಿರ್ತಾಳೆ. ಒದ್ದಳು. ಎರಡು ಪಕ್ಕೆಲುಬು ಹೋಯ್ತು." ಮುದುಕ ಹಳೆಯ ಬಹುಮಾನವನ್ನು ಮುಟ್ಟಿ ನೋಡುವವನಂತೆ ತನ್ನ ಪಕ್ಕೆಯನ್ನು ಸವರಿಕೊಂಡ.

ಈಸಾ ಕೊನೆಯ ಖಾನೆಯಲ್ಲಿ, 'ಮನೆಯಲ್ಲಿ ಹೊಡೆದಾಟವಿದೆ, ಎರಡೂ ಕಡೆಯಿಂದ. ಆದರೂ ಪತ್ನಿ ಬೇಕೆಂದು ಅರ್ಜಿದಾರರ ಕೋರಿಕೆ' ಎಂದು ಬರೆದು ಕಳಿಸಿಬಿಟ್ಟ. ಅರ್ಧ ಗಂಟೆಯೊಳಗೆ ದೋಹಾದಿಂದ ಫೋನ್ ಬಂತು. ಮೇಲಧಿಕಾರಿಯ ಪ್ರಶ್ನೆಗಳಿಗೆ ಉತ್ತರ ತರಲು ಈಸಾ ಹೊರಗೆ ಓಡಿದ. ಮುದುಕ ನೀರಿನ ಟ್ಯಾಂಕರಿನ ನೆರಳಿನಲ್ಲಿ ನಿಂತು ಒಂದು ಒಂಟೆಯ ಕಿವಿ ಒರೆಸುತ್ತಿದ್ದ. ಅದರ ಎಡ ತೊಡೆಯ ಮೇಲೆ ಸೌಟಿನಾಕಾರದ ಬರೆ.

"ಇವಳು ವದ್ಹಾನ ಎರಡನೇ ಮಗಳು," ಎಂದ ಮುದುಕ. "ಅಮ್ಮನ ಬಣ್ಣ ಬರಲಿಲ್ಲ. ಅವಳು ಬಿಳಿ."

ವಿಷಯ ತಿಳಿದಾಗ ಮುದುಕ ನಗಲಿಲ್ಲ. ಈಸಾ ಬರೆದದ್ದನ್ನು ಪೂರ್ತಿ ಓದಿಸಿ ಕೇಳಿ, "ಹೆಂಡತಿ ಅನ್ನೋದೊಂದು ಬಿಟ್ಟರೆ ಎಲ್ಲಾ ಸರಿಯಾಗೇ ಬರೆದಿದ್ದೀಯ," ಎಂದ. "ನನ್ನವಳು ಬದುಕಿದ್ದಾಗ ಅವಳೂ ಇದೇ ತಪ್ಪು ಮಾಡ್ತಿದ್ದಳು."

ಆವತ್ತಿನಿಂದ ಕಚೇರಿಯಲ್ಲಿ ಈಸಾನಿಗೆ 'ಒಂಟೆಯ ವಕೀಲ' ಎಂಬ ಹೆಸರು ನಿಂತಿತು. ವಕೀಲಿಕೆಗೆ ಬೇಕಾದದ್ದೇನೂ ಅವನಲ್ಲಿರಲಿಲ್ಲ ಎಂಬುದು ನಾಲ್ಕು ದಿನಗಳಲ್ಲೇ ತಿಳಿಯಿತು.

ಮುದುಕನ ಹೆಸರು ಜಬ್ರಾನ್. ಹಿರಿಯ ಮಗನಿಗೆ ತನ್ನ ಅಜ್ಜನ ಹೆಸರನ್ನೇ ಇಟ್ಟಿದ್ದ; ಅದರಿಂದ ಎಲ್ಲರೂ ಅವನನ್ನು ಅಬೂ ಫೈಹಾನ್, ಎಂದರೆ ಫೈಹಾನ್‌ನ ಅಪ್ಪ, ಎನ್ನುತ್ತಿದ್ದರು. ಜಬ್ರಾನ್ ಹುಟ್ಟಿದಾಗ ಮರಳಿನ ಮೇಲೆ ಗಡಿಯ ಗೆರೆ ಇನ್ನೂ ಗಟ್ಟಿಯಾಗಿರಲಿಲ್ಲ. ಮಳೆ ಬಿದ್ದ ಕಡೆಗೆ ಅಪ್ಪ ಹೊರಟರೆ ಒಂಟೆಗಳು ಹೊರಡುತ್ತಿದ್ದವು, ಒಂಟೆಗಳ ಹಿಂದೆ ಮನೆ. ಮುಂದೆ ಕಾಲ ಬದಲಾಗಿ, ದೋಹಾದ ಅಂಚಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಗೇಟು ಕಾದ. ಅಷ್ಟು ವರ್ಷ ಶಾಲೆಯಲ್ಲಿದ್ದೂ ಓದು ಕಲಿಯಲಿಲ್ಲ. ಆದರೆ ಬೆಳಿಗ್ಗೆ ಅಂಗಳದ ಮರಳಿನ ಹೆಜ್ಜೆಗುರುತು ನೋಡಿ, ಯಾವ ಹುಡುಗಿ ಯಾವ ಗೋಡೆಯ ಕಡೆಗೆ ಹೋಗಿ ಬಂದಳೆಂದು ಹೇಳುತ್ತಿದ್ದ. ಮುಖ್ಯೋಪಾಧ್ಯಾಯಿನಿ ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ. "ಸಂಬಳ ಗೇಟು ಕಾಯೋಕೆ, ಚಾಡಿ ಹೇಳೋಕಲ್ಲ," ಎನ್ನುತ್ತಿದ್ದನಂತೆ.

ಕೆಲಸ ಬಿಟ್ಟ ಮೇಲೆ ಮತ್ತೆ ಒಂಟೆ ಕಟ್ಟಿದ. ಐದು ಇದ್ದದ್ದು ಇಪ್ಪತ್ತಮೂರಾಯಿತು. ಖತಾರ್‌ನಲ್ಲಿ ಮೇವಿನ ನೆಲ ಕಡಿಮೆ. ಗಡಿಯಾಚೆಯ ಬಯಲಿನಲ್ಲಿ ಅವನ ಚಿಕ್ಕಪ್ಪನ ಮಗ ಮುತ್ಲಖ್ ಇದ್ದ. ಇಬ್ಬರಿಗೂ ಅಜ್ಜ ಒಬ್ಬನೇ, ಅಜ್ಜನ ಗೋರಿ ಇದ್ದದ್ದು ಆಚೆ. ವರ್ಷದ ಹೆಚ್ಚಿನ ಕಾಲ ಇಬ್ಬರ ಒಂಟೆಗಳೂ ಅಲ್ಲೇ ಒಟ್ಟಿಗೆ ಮೇಯುತ್ತಿದ್ದವು. ಈಗ, ಖತಾರ್‌ನವರ ಒಂಟೆಗಳೆಲ್ಲ ಜಾಗ ಖಾಲಿಮಾಡಬೇಕು ಎಂದು ಆಜ್ಞೆಯಾಯಿತು. ಸಾವಿರಾರು ಒಂಟೆಗಳು ಗೇಟಿನಾಚೆ ನೀರಿಲ್ಲದೆ ನಿಂತವು. ಜಬ್ರಾನ್‌ನ ಇಪ್ಪತ್ತೆರಡು ದಾಟಿ ಬಂದವು. ವದ್ಹಾ ಬರಲಿಲ್ಲ; ಆ ಗದ್ದಲದಲ್ಲಿ ಎಲ್ಲಿ ತಪ್ಪಿಸಿಕೊಂಡಳೋ ತಿಳಿಯಲಿಲ್ಲ. ಅವಳು ತುಂಬು ಬಸುರಿ.

ಅವನು ಡೇರೆಯ ಪಕ್ಕದಲ್ಲೇ ಬಿಡಾರ ಹೂಡಿದ. ಕುಳಿತಲ್ಲಿ ಕೂರುತ್ತಿರಲಿಲ್ಲ. ಬೇಲಿಯವರೆಗೆ ಹೋಗುವುದು, ಬರುವುದು, ಒಂಟೆಗಳನ್ನು ಮುಟ್ಟಿ ಮತ್ತೆ ಬೇಲಿಗೆ ಹೋಗುವುದು. ಈಸಾನಿಗೂ ಅದೇ ರೋಗ ಬೇರೆ ರೂಪದಲ್ಲಿತ್ತು: ಐದು ನಿಮಿಷಕ್ಕೊಮ್ಮೆ ಫೋನ್ ತೆಗೆಯುವುದು, ಇಡುವುದು, ತೆಗೆಯುವುದು. ಅದರಲ್ಲಿ ಗಂಟೆಗೊಂದು ಸುದ್ದಿ. ದೋಹಾದ ಅಂಗಡಿಗಳಲ್ಲಿ ಅನ್ನಕ್ಕೆ ಹೊಡೆದಾಟವಂತೆ. ಸೈನ್ಯ ಒಳಗೆ ಬಂತಂತೆ. ದೋಹಾಕ್ಕೆ ಫೋನ್ ಮಾಡಿದರೆ ಅಮ್ಮ, "ಹಾಲಿನ ಡಬ್ಬಿ ಮೇಲೆ ಬೇರೆ ಭಾಷೆ ಇದೆ, ಅಷ್ಟೇನೇ. ಯಾವಾಗ ಬರ್ತೀಯ?" ಎನ್ನುತ್ತಿದ್ದಳು. ಅಮ್ಮನನ್ನು ನಂಬಿ ಫೋನ್ ಇಟ್ಟವನು ಮರುಗಳಿಗೆಯೇ ಮತ್ತೆ ಅದನ್ನೇ ತೆಗೆದು ನೋಡುತ್ತಿದ್ದ.

ರಂಜಾನಿನ ಇಪ್ಪತ್ತೇಳನೆಯ ಬೆಳಿಗ್ಗೆ ಒಂದು ವಿಡಿಯೋ ಬಂತು. ತಲೆವಸ್ತ್ರದಿಂದ ಅರ್ಧ ಮುಖ ಮುಚ್ಚಿದ ಮುದುಕನೊಬ್ಬ ಬೇಲಿಯತ್ತ ಎರಡೂ ಕೈ ಚಾಚಿ ಅಳುತ್ತಿದ್ದಾನೆ. "ನಮ್ಮ ದೊರೆಗಳು ನಮ್ಮನ್ನ ಹಾಳು ಮಾಡಿದರು. ನಮ್ಮನ್ನ ನಿಮ್ಮವರು ಅಂತ ಸೇರಿಸಿಕೊಳ್ಳಿ," ಎನ್ನುತ್ತಿದೆ ದನಿ. ಕೆಳಗೆ, 'ಖತಾರ್‌ನ ದೊರೆಗಳನ್ನು ಅವರ ಬುಡಕಟ್ಟುಗಳೇ ಕೈಬಿಟ್ಟವು' ಎಂಬ ಸಾಲು. ಎರಡು ಲಕ್ಷ ಜನ ನೋಡಿದ್ದರು. ಈಸಾನ ರಕ್ತ ಕುದಿಯಿತು. 'ಉಂಡ ಮನೆಗೆ ಎರಡು ಬಗೆದವನು' ಎಂದು ಬರೆದು ಹನ್ನೊಂದು ಜನರಿಗೆ ಕಳಿಸಿದ. ದೇಶಕ್ಕಾಗಿ ಏನೋ ಮಾಡಿದ ತೃಪ್ತಿಯಲ್ಲಿ ಅದನ್ನೇ ಎರಡನೆಯ ಸಲ ನೋಡಿದಾಗ, ಮುದುಕನ ಹಿಂದೆ ನಿಂತ ಒಂಟೆಯ ತೊಡೆಯ ಮೇಲೆ ಸೌಟು ಕಾಣಿಸಿತು.

ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಆಗಲೇ ಅದನ್ನು ಮುಂದಕ್ಕೆ ಕಳಿಸಿದ್ದರು.

ಹೇಳದೆ ಇದ್ದುಬಿಡಬಹುದಿತ್ತು, ಹಾಗೆ ಯೋಚಿಸುತ್ತ ಅವನು ಡೇರೆಯನ್ನು ಆರು ಸುತ್ತು ಸುತ್ತಿದ. ಏಳನೆಯ ಸುತ್ತಿಗೆ ಮುದುಕನೇ ಅಡ್ಡ ಬಂದ. "ಏನು ಮಗಾ, ಗಾಣದೆತ್ತಿನ ಥರ?"

ಈಸಾ ಫೋನ್ ಮುಂದೆ ಹಿಡಿದ. ಅಬೂ ಫೈಹಾನ್ ಒಮ್ಮೆ ನೋಡಿದ. ಇನ್ನೊಮ್ಮೆ ಹಾಕಿಸಿ, ಕಣ್ಣುಮುಚ್ಚಿ ಕೇಳಿದ.

"ಮೈ ನನ್ನದು. ಮೊನ್ನೆ ವದ್ಹಾನ ಕರೀತಿದ್ದೆ. ದನಿ ಯಾವನದೋ."

"ನನಗೆ ಗೊತ್ತಾಯ್ತು, ಅಬೂ ಫೈಹಾನ್. ಮೊದಲೇ ಗೊತ್ತಾಗಿತ್ತು," ಎಂದು ಈಸಾ ಸುಳ್ಳು ಹೇಳಿದ. "ಇಲ್ಲ. ಗೊತ್ತಾಗ್ಲಿಲ್ಲ. ನಾನೂ ಕಳಿಸಿದೆ. ಹನ್ನೊಂದು ಜನಕ್ಕೆ."

ಮುದುಕ ಅವನ ತೋಳು ಹಿಡಿದು, ಒಂಟೆಗಳು ಮಲಗಿ ಮೆಲುಕು ಹಾಕುತ್ತಿದ್ದ ಕಡೆಗೆ ಕರೆದೊಯ್ದ. "ಜೋರಾಗಿ ಹಾಕು."

ಈಸಾ ದನಿ ಪೂರ್ತಿ ಏರಿಸಿ ಹಾಕಿದ. ಅಳು, ಗೋಳು, ದೊರೆಗಳಿಗೆ ಬೈಗುಳ ಎಲ್ಲ ಮರಳಿನ ಮೇಲೆ ಹರಡಿತು. ಇಪ್ಪತ್ತೆರಡು ಒಂಟೆಗಳಲ್ಲಿ ಒಂದೂ ತಲೆಯೆತ್ತಲಿಲ್ಲ. ಒಂದರ ದವಡೆಯೂ ನಿಲ್ಲಲಿಲ್ಲ. ವಿಡಿಯೋ ಮುಗಿಯಿತು. ಆಮೇಲೆ ಅಬೂ ಫೈಹಾನ್ ಗಂಟಲ ತಳದಿಂದ ಸಣ್ಣಗೆ ಒಂದು ಕರೆ ಎಳೆದ. ನೀರಿಗೆ ಕರೆಯುವ ಕರೆ. ಹಿಂಡು ಹಿಂಡೇ ಮೊಣಕಾಲೂರಿ ಎದ್ದು ಬಂದು ಸುತ್ತ ನಿಂತಿತು. ಈಸಾ ಹೆದರಿ ಮುದುಕನ ಬೆನ್ನ ಹಿಂದೆ ಸರಿದ.

"ನೋಡಿದ್ಯಾ," ಎಂದ ಅಬೂ ಫೈಹಾನ್. "ಇವು ನಂಬಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವನು ನೀನು ನಂಬಿದೆ."

ಅದೇ ದಿನ ಮಧ್ಯಾಹ್ನ ರೇಡಿಯೋದಲ್ಲಿ, ಗಡಿ ಮುಚ್ಚಿದ ದೇಶಗಳು ಖತಾರ್ ಮುಂದಿಟ್ಟ ಬೇಡಿಕೆಗಳ ಪಟ್ಟಿಯ ಸುದ್ದಿ ಬಂತು. ಹದಿಮೂರು ಷರತ್ತು, ಒಪ್ಪಲು ಹತ್ತು ದಿನದ ಗಡುವು. ಈಸಾ ಬೆರಳು ಮಡಿಚುತ್ತ ಒಂದೊಂದನ್ನೇ ಹೇಳುತ್ತಿದ್ದಾಗ ಮುದುಕನ ಗುಂಡಿಯೊತ್ತುವ ಹಳೆಯ ಫೋನ್ ಬಡಿದುಕೊಂಡಿತು. ಮುತ್ಲಖ್. ಎಲ್ಲರಿಗೂ ಕೇಳುವಂತೆ ಇಟ್ಟು ಮಾತಾಡುವುದು ಅಬೂ ಫೈಹಾನ್‌ನ ಅಭ್ಯಾಸ.

"ಜಬ್ರಾನಣ್ಣ, ವದ್ಹಾ ಸಿಕ್ಕಿದಳು. ನನ್ನ ದೊಡ್ಡಿಯಲ್ಲೇ ಇದ್ದಾಳೆ."

ಮುದುಕ ಎದ್ದು ನಿಂತ. "ನೀರು ಕುಡಿದಳಾ?"

"ಇಲ್ಲ. ಬಕೆಟ್ ಒದೀತಾಳೆ. ನಿನ್ನ ಕೈಯೇ ಬೇಕು ಇವಳಿಗೆ." ಮುತ್ಲಖ್ ದನಿ ತಗ್ಗಿಸಿದ. "ಅಣ್ಣ, ಇಲ್ಲೊಬ್ಬರು ಇದ್ದಾರೆ. ನಾಳೆನೇ ಅವಳನ್ನ ಗೇಟಿಗೆ ತಲುಪಿಸ್ತಾರಂತೆ. ನೀನು ಮುಖ ತೋರಿಸಿ ಅರ್ಧ ನಿಮಿಷ ಮಾತಾಡಿ ಕಳಿಸಬೇಕು. 'ಆ ವಿಡಿಯೋದಲ್ಲಿರೋದು ನನ್ನ ಮಾತೇ' ಅಂತ ನೀನು ಅಂದರೆ ಸಾಕಂತೆ. ನಾಳೆ ಉಪವಾಸ ಬಿಡೋ ಹೊತ್ತಿನೊಳಗೆ."

"ಇದು ನಿನ್ನ ಮಾತಾ, ಅವರದಾ?"

"ನನಗೂ ಮಕ್ಕಳಿದ್ದಾರೆ, ಅಣ್ಣ," ಎಂದು ಮುತ್ಲಖ್ ಫೋನ್ ಇಟ್ಟ.

ಅಬೂ ಫೈಹಾನ್ ಈಸಾನ ಕಡೆ ತಿರುಗಿದ. "ಸರ್ಕಾರಕ್ಕೆ ಹದಿಮೂರು, ಹತ್ತು ದಿನ. ನನಗೆ ಒಂದೇ, ಒಂದು ದಿನ. ನಮ್ಮ ಯೋಗ್ಯತೆಗೆ ತಕ್ಕ ಹಾಗೆ ಕೊಟ್ಟಿದ್ದಾರೆ." ಹೇಳಿದವನ ಮುಖದಲ್ಲಿ ನಗು ಇರಲಿಲ್ಲ.

ಮರುದಿನವಿಡೀ ಅವನ ಹೆಜ್ಜೆ ಬೇಲಿಯ ಉದ್ದಕ್ಕೂ ಒಂದು ಕಾಲುದಾರಿಯನ್ನೇ ಕೊರೆಯಿತು. ಆಚೆಯಿಂದ ಯಾವ ಗಾಡಿಯ ದೂಳು ಎದ್ದರೂ ನಿಂತು ನೋಡುವನು. ಈಸಾ ಕೊಡೆ ಹಿಡಿದು ಹಿಂದೆ ಹಿಂದೆ ಹೋದ.

"ಹೇಳಿಬಿಡಿ, ಅಬೂ ಫೈಹಾನ್. ಅದು ಸುಳ್ಳು ಅಂತ ನಮಗೆಲ್ಲ ಗೊತ್ತಿದೆ. ಒಂದು ದಿನ ರಜೆಗೋಸ್ಕರ ನಾನು ಮೇಲಧಿಕಾರಿಗೆ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದ್ದೀನಿ. ಬದುಕಿರೋ ಅಜ್ಜಿನ ಎರಡು ಸಲ ಸಾಯಿಸಿದ್ದೀನಿ."

"ಅಜ್ಜಿ ಏನಂದಳು?"

"ಅವಳಿಗೆ ಗೊತ್ತಿಲ್ಲ."

"ವದ್ಹಾಗೆ ಗೊತ್ತಾಗುತ್ತೆ," ಎಂದು ಮುದುಕ ನಡೆಯುತ್ತಲೇ ಇದ್ದ. ಸ್ವಲ್ಪ ದೂರ ಹೋಗಿ, "ಒಂಟೆ ಕಾಯೋನಿಗೆ ಇರೋದು ದನಿ ಒಂದೇ, ಮಗಾ. ಅದನ್ನ ಒಂದು ಸಲ ಬಾಡಿಗೆಗೆ ಕೊಟ್ಟರೆ ಮತ್ತೆ ಯಾವ ಹಿಂಡು ಎದ್ದು ಬರುತ್ತೆ?" ಎಂದ. ಆದರೆ ಹಾಗೆಂದವನು ಮರುಕ್ಷಣವೇ ಬೇಲಿಯ ತಂತಿ ಹಿಡಿದು, "ನೀರು ಕುಡಿದಿಲ್ಲವಂತೆ. ಎರಡನೇ ದಿನ," ಎಂದು ತನಗೇ ಹೇಳಿಕೊಂಡ.

ಸೂರ್ಯ ಮುಳುಗಲು ಹತ್ತು ನಿಮಿಷವಿದ್ದಾಗ ಅವನು ಡೇರೆಗೆ ಬಂದು ಮುಖ ತೊಳೆದು, ತಲೆವಸ್ತ್ರ ಸರಿಮಾಡಿಕೊಂಡು, "ನಿನ್ನ ಫೋನ್ ಹಿಡಿ," ಎಂದ. ಈಸಾನಿಗೆ ಸಮಾಧಾನವಾಯಿತು.

"ನಾನು ಜಬ್ರಾನ್, ಮುಹನ್ನಾನ ಮಗ, ಫೈಹಾನ್‌ನ ಮೊಮ್ಮಗ," ಎಂದ ಮುದುಕ ಫೋನನ್ನೇ ದಿಟ್ಟಿಸಿ. "ಖತಾರ್‌ನವನು. ನನ್ನ ಬರೆ ಸೌಟು. ಇದು ನನ್ನ ದನಿ. ಬೇರೆ ದನಿ ಕೇಳಿದರೆ ನಾನಲ್ಲ. ಒಂಟೆ ನಿಮ್ಮ ಕೈಲಿದೆ, ಇಟ್ಟುಕೊಳ್ಳಿ. ನೀರಾದರೂ ಕುಡಿಸಿ." ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ಆ ಕರೆ ಎಳೆದ. ಹೊರಗೆ ಇಪ್ಪತ್ತೆರಡು ಒಂಟೆಗಳು ಎದ್ದ ಸದ್ದಾಯಿತು.

ಈಸಾ ಅದನ್ನು ಮುತ್ಲಖ್‌ಗೆ ಕಳಿಸಿದ. ಆಮೇಲೆ ಆ ಹನ್ನೊಂದು ಜನರಿಗೂ ಕಳಿಸಿ, 'ಮೊದಲು ಕಳಿಸಿದ್ದು ಸುಳ್ಳು, ನಾನು ಕತ್ತೆ' ಎಂದು ಬರೆದ. ಎರಡನೆಯ ಮಾತಿಗೆ ಎಲ್ಲರೂ ಕೂಡಲೇ ಒಪ್ಪಿಗೆ ಸೂಚಿಸಿದರು. ವಿಡಿಯೋವನ್ನು ಮುಂದಕ್ಕೆ ಕಳಿಸಿದವರು ಮಾತ್ರ ಮೂವರೇ.

ಖರ್ಜೂರ ಬಾಯಿಗಿಡುವ ಹೊತ್ತಿಗೆ ಮುತ್ಲಖ್‌ನ ಫೋನ್ ಬಂತು. ಮಾತಿಲ್ಲ. ಅಲ್ಲಿ ಯಾರೋ ವಿಡಿಯೋ ಹಾಕಿದ್ದರು. ಅಬೂ ಫೈಹಾನ್‌ನ ಕರೆ ಆಚೆಯಿಂದ ತಿರುಗಿ ಕೇಳಿಸಿತು. ಅದರ ಹಿಂದೆಯೇ ಒಂದು ಉದ್ದನೆಯ, ಒಡಕು ನರಳಿಕೆ. ಆಮೇಲೆ ಬಕೆಟ್ಟಿನಲ್ಲಿ ನೀರು ಹೀರುವ ಸದ್ದು, ಬಹಳ ಹೊತ್ತು. ಫೋನ್ ಕಟ್ಟಾಯಿತು. ಮುದುಕ ಖರ್ಜೂರ ಕೈಯಲ್ಲೇ ಹಿಡಿದು ಕುಳಿತಿದ್ದ.

ಈದ್ ಬಂತು, ಹೋಯಿತು. ಪಟ್ಟಿಗೆ ಕೊಟ್ಟ ಹತ್ತು ದಿನವೂ ಮುಗಿಯಿತು. ದೇಶ ಒಪ್ಪಲಿಲ್ಲ, ಗಡಿ ತೆರೆಯಲಿಲ್ಲ. ವದ್ಹಾ ಹೆಣ್ಣು ಮರಿ ಹಾಕಿದಳೆಂದು ಯಾರ ಮೂಲಕವೋ ಸುದ್ದಿ ಬಂತು. ಬಿಳಿಯದಂತೆ. ಅದರ ತೊಡೆಯ ಮೇಲೆ ಯಾರ ಬರೆ ಬೀಳುತ್ತದೆಂದು ಯಾರೂ ಹೇಳಲಿಲ್ಲ.

ಡೇರೆ ಕಿತ್ತು ಈಸಾನನ್ನು ದೋಹಾಕ್ಕೆ ವಾಪಸ್ ಕರೆಸಿಕೊಂಡರು. ಒಂದು ಶುಕ್ರವಾರ ಅವನು ಅಬೂ ಫೈಹಾನ್‌ನ ಹೊಸ ದೊಡ್ಡಿಗೆ ಹೋದ. ಮುದುಕ ವದ್ಹಾನ ಎರಡನೆಯ ಮಗಳ ಹಾಲು ಕರೆಯುತ್ತಿದ್ದ, ಒಂಟಿಕಾಲಿನಲ್ಲಿ ನಿಂತು, ಮಡಿಚಿದ ಮೊಣಕಾಲಿನ ಮೇಲೆ ಬೋಗುಣಿ ಇಟ್ಟುಕೊಂಡು. ಈಸಾ ಬಹಳ ಹೊತ್ತು ಅತ್ತಿತ್ತ ತಿರುಗಿದ. ಕೇಳಬಾರದೆಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದದ್ದನ್ನೇ ಕೊನೆಗೆ ಕೇಳಿದ.

"ಅಬೂ ಫೈಹಾನ್, ಅವತ್ತು ಅರ್ಧ ನಿಮಿಷ ಹೇಳಿಬಿಟ್ಟಿದ್ದರೆ ತಾಯಿ ಮಗಳು ಇಬ್ಬರೂ ಇವತ್ತು ಇಲ್ಲಿರುತ್ತಿದ್ದರು. ಹೇಳಬೇಕಿತ್ತು ಅಂತ ಒಂದು ಸಲನೂ ಅನಿಸಲಿಲ್ವಾ?"

ಹಾಲಿನ ಧಾರೆ ನಿಲ್ಲಲಿಲ್ಲ.

"ದಿನಾ ಅನಿಸುತ್ತೆ," ಎಂದ ಮುದುಕ. "ನಾಳೆ ಕೇಳಿದರೂ ಹೇಳಲ್ಲ. ಆ ಕಡೆ ಸರಿ, ಒದೀತಾಳೆ."